ಫೋಲ್ಡ್‌ಸ್ಕೋಪ್: ಆಟವೆಲ್ಲ ಅರ್ಧ ಮಿಲಿಮೀಟರಿನಲ್ಲಿ

ಕಾಗದದ ಈ ಮೈಕ್ರೋಸ್ಕೋಪನ್ನು ಆಸೆಪಟ್ಟು ಕೊಂಡು, ಎರಡು ದಿನ ನೋಡಿ, ಮೇಜಿನ ಡ್ರಾಯರಿಗೆ ಸೇರಿಸಿಬಿಡುವವರು ಬೇಕಾದಷ್ಟು ಜನ. ‘ಎಲ್ಲಾ ಮಂಜುಮಂಜು, ಏನೂ ಕಾಣಲ್ಲ’ ಅನ್ನುವುದೇ ದೂರು. ಮಂಜಾಗಿ ಕಾಣುವುದೇನೋ ನಿಜ. ಆದರೆ ಹತ್ತರಲ್ಲಿ ಎಂಟು ಸಲ ತಪ್ಪು ಲೆನ್ಸಿನದಲ್ಲ, ಸ್ಲೈಡಿನದು, ಅಂದರೆ ನೋಡುವ ವಸ್ತುವನ್ನು ಇಡುವ ಗಾಜಿನ ಪಟ್ಟಿಯದು.

ಇದರಲ್ಲಿರುವುದು ಒಂದೇ ಲೆನ್ಸ್. ಸಾಸಿವೆ ಕಾಳಿಗಿಂತ ಚೂರು ದಪ್ಪನೆಯ ಗಾಜಿನ ಗೋಲಿ, ವ್ಯಾಸ 2.38 ಮಿ.ಮೀ. ಹಿಗ್ಗಿಸುವುದು 140 ಪಟ್ಟು. ಹದಿನೇಳನೇ ಶತಮಾನದಲ್ಲಿ ಡಚ್ಚರ ಲೇವನ್‌ಹುಕ್ ಒಂಟಿ ಲೆನ್ಸಿನಲ್ಲಿ ನೀರಿನ ಜೀವಿಗಳನ್ನು ಕಂಡದ್ದೂ ಇದೇ ತತ್ವದಿಂದ. ಗೋಲಿ ಚಿಕ್ಕದಾದಷ್ಟೂ ಶಕ್ತಿ ಹೆಚ್ಚು, ವಸ್ತು ಅಷ್ಟೇ ಹತ್ತಿರ ಇರಬೇಕು. ಈ ಅಳತೆಯ ಗೋಲಿಗೆ ಲೆಕ್ಕ ಹಾಕಿದರೆ ಗಾಜಿನ ಮೈಯಿಂದ ಫೋಕಸ್ ಬಿಂದುವಿಗೆ ಸಿಗುವ ಜಾಗ ಸುಮಾರು 0.56 ಮಿ.ಮೀ. ಅಷ್ಟೇ.

ಸಾಮಾನ್ಯ ಗಾಜಿನ ಸ್ಲೈಡ್ ಒಂದು ಮಿಲಿಮೀಟರ್ ದಪ್ಪ. ಅದನ್ನು ತಿರುವುಮುರುವಾಗಿ ತೂರಿಸಿದರೆ, ಅಂದರೆ ದಪ್ಪ ಗಾಜು ಲೆನ್ಸಿನ ಕಡೆ ಬಂದರೆ, ಎಷ್ಟು ಎಳೆದಾಡಿದರೂ ಫೋಕಸ್ ಕೂರುವುದಿಲ್ಲ. ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜು, ಅಂದರೆ ಕವರ್‌ಸ್ಲಿಪ್, ಯಾವಾಗಲೂ ಲೆನ್ಸಿನ ಕಡೆಗೇ ಇರಬೇಕು. ಕವರ್‌ಸ್ಲಿಪ್ಪಿನ ದಪ್ಪ 0.17 ಮಿ.ಮೀ. ಹತ್ತಿರ, ಹಾಗಾಗಿ ಅದರ ಕೆಳಗೆ ನೀರಿಗೆ ಒಂದಿಷ್ಟು ಜಾಗ ಉಳಿಯುತ್ತದೆ. ಇಡೀ ಎಲೆ, ಪಾಚಿಯ ಗಡ್ಡೆ, ಇರುವೆಯ ಪೂರ್ತಿ ಮೈ ಅಲ್ಲಿ ಹಿಡಿಸುವುದಿಲ್ಲ. ಕವರ್‌ಸ್ಲಿಪ್ ಇಲ್ಲದೆ ತೊಟ್ಟು ನೀರು ಇಟ್ಟರೆ ಲೆನ್ಸೇ ಒದ್ದೆ.

ಮೊದಲ ಸ್ಲೈಡಿಗೆ ಈರುಳ್ಳಿಯೇ ಸರಿ. ಒಳ ಎಸಳಿನ ಒಳಮೈಯಿಂದ ಪಾರದರ್ಶಕ ಪೊರೆಯನ್ನು ಚಿಮಟದಲ್ಲಿ ಎಳೆದು, ಅಕ್ಕಿಕಾಳಿನ ಉದ್ದದ ಚೌಕ ಕತ್ತರಿಸಿ, ಮಡಿಕೆ ಬೀಳದಂತೆ ನೀರಿನ ಹನಿಯ ಮೇಲೆ ಹರಡಿ. ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣಕ್ಕೆ ಐದಾರು ಪಟ್ಟು ನೀರು ಬೆರೆಸಿ ಒಂದು ತೊಟ್ಟು ಹಾಕಿ. ಎರಡು ನಿಮಿಷದ ಮೇಲೆ ಕವರ್‌ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸಿ. ಧೊಪ್ಪನೆ ಬೀಳಿಸಿದರೆ ಗಾಳಿಗುಳ್ಳೆ ಸೇರುತ್ತದೆ. ದಟ್ಟ ಕಪ್ಪು ಅಂಚಿನ ದುಂಡನೆಯ ಆ ಗುಳ್ಳೆಯನ್ನೇ ಹೊಸಬರು ‘ಜೀವಕೋಶ’ ಎಂದು ಫೋಟೊ ಹಾಕುವುದುಂಟು! ನಿಜವಾದ ಕೋಶಗಳು ಇಟ್ಟಿಗೆ ಗೋಡೆಯಂತೆ ಸಾಲಾಗಿರುತ್ತವೆ, ಒಳಗೊಂದು ಹಳದಿ-ಕಂದು ಚುಕ್ಕೆ.

ಮಳೆಗಾಲದಲ್ಲಿ ಇದರ ನಿಜವಾದ ಗಮ್ಮತ್ತು ಕಾಂಪೌಂಡ್ ಗೋಡೆಯ ಪಾಚಿಯಲ್ಲಿದೆ. ಒಂದು ಹಿಡಿ ಹಸಿರು ಕಿತ್ತು ಬಟ್ಟಲು ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ಹತ್ತು ನಿಮಿಷ ಬಿಟ್ಟು ತಳದ ಗಸಿಯನ್ನು ಇಂಕ್ ಫಿಲ್ಲರಿನಲ್ಲಿ ಎಳೆದುಕೊಳ್ಳಿ. ಬಾಯ ಬಳಿ ಎರಡು ಗಾಲಿ ತಿರುಗಿದಂತೆ ಕಾಣುವ ರೋಟಿಫರ್ ಎಂಬ ಪುಟ್ಟ ಜೀವಿಗಳು ಸಾಮಾನ್ಯವಾಗಿ ಸಿಗುತ್ತವೆ. ತಿರುಗುವುದು ಗಾಲಿಯಲ್ಲ, ಒಂದರ ಹಿಂದೊಂದು ಬಾಗುವ ಕೂದಲಿನಂಥ ಎಳೆಗಳು. ಅದೃಷ್ಟವಿದ್ದರೆ ಎಂಟು ಕಾಲಿನ ನೀರುಕರಡಿಯೂ (ಟಾರ್ಡಿಗ್ರೇಡ್ ಎಂಬ ಸೂಕ್ಷ್ಮಜೀವಿ) ಸಿಕ್ಕೀತು. ಇವು ಜಜ್ಜಿಹೋಗದಂತೆ ಸ್ಲೈಡಿನ ಎರಡೂ ಬದಿಗೆ ಸೆಲೋಟೇಪಿನ ಸಣ್ಣ ಪಟ್ಟಿ ಅಂಟಿಸಿ, ಅದರ ಮೇಲೆ ಕವರ್‌ಸ್ಲಿಪ್ ಕೂರಿಸಬೇಕು. ಪ್ಯಾರಮೀಸಿಯಂ ಎಂಬ ಏಕಕೋಶ ಜೀವಿಗಳು ಕಣ್ಣಿಗೆ ಸಿಗದಂತೆ ಓಡಿದರೆ ಹತ್ತಿಯ ನಾಲ್ಕೈದು ಎಳೆ ಬಿಡಿಸಿ ಹನಿಯೊಳಗಿಡಿ, ಎಳೆಗಳ ನಡುವೆ ಸಿಕ್ಕಿ ನಿಧಾನವಾಗುತ್ತವೆ. ನೀರು ಬೇಗ ಆರುತ್ತದೆ. ಕವರ್‌ಸ್ಲಿಪ್ಪಿನ ಸುತ್ತ ವ್ಯಾಸಲೀನ್ ಸವರಿದರೆ ಕೆಲವು ಗಂಟೆ ತಡೆಯುತ್ತದೆ.

ಬೆಳಕಿಗೆ ಆಕಾಶ ಸಾಕು, ಇಲ್ಲವೆ ಬಿಸಿಲು ಬಿದ್ದ ಬಿಳಿ ಗೋಡೆ. ಸೂರ್ಯನ ಕಡೆ ಮಾತ್ರ ಹಿಡಿಯಲೇಬೇಡಿ, ಕಣ್ಣು ಹೋಗುತ್ತದೆ. ಬರಿಯ ಎಲ್ಇಡಿ ಚುಕ್ಕೆಯ ಬೆಳಕಿನಲ್ಲಿ ಪ್ರತಿ ದೂಳಿನ ಸುತ್ತಲೂ ಬಳೆ ಕಾಣುತ್ತವೆ. ಮುಂದೆ ಒಂದು ತುಂಡು ಬಟರ್ ಪೇಪರ್ ಅಡ್ಡ ಹಿಡಿದರೆ ಬಳೆಗಳು ಮಾಯ.

ಫೋನಿಗೆ ಅಂಟಿಸಿ ಫೋಟೊ ತೆಗೆಯುವಾಗ ಎರಡು ಕ್ಯಾತೆ. ಮೂರ್ನಾಲ್ಕು ಕ್ಯಾಮೆರಾ ಇರುವ ಫೋನುಗಳು ಝೂಮ್ ಮಾಡುವಾಗ ತಾವಾಗಿಯೇ ಬೇರೆ ಕ್ಯಾಮೆರಾಗೆ ಜಿಗಿಯುತ್ತವೆ, ಪರದೆ ತಟ್ಟನೆ ಕತ್ತಲು. ಮುಖ್ಯ ಕ್ಯಾಮೆರಾದಲ್ಲೇ ನಿಲ್ಲಿಸಿ, ಪರದೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಇನ್ನೊಂದು, ಜೋಡಿಸಲು ಇರುವುದು ಆಯಸ್ಕಾಂತ. ನಡುಕ ತಡೆಯಲು ಲೆನ್ಸನ್ನೇ ಅಲುಗಿಸುವ ಕ್ಯಾಮೆರಾಗಳಲ್ಲಿ ಅದು ಚಿತ್ರವನ್ನು ಕದಲಿಸಬಹುದು.

ಚಿತ್ರದ ನಡುಭಾಗವಷ್ಟೇ ಚುರುಕು, ಅಂಚು ಮಸುಕು. ಇದು ಗೋಲಿ ಲೆನ್ಸಿನ ಹುಟ್ಟುಗುಣ, ಒರೆಸಿದರೆ ಹೋಗುವುದಲ್ಲ. ಒರೆಸುವುದಿದ್ದರೂ ಅಂಗಿ ತುದಿಯಿಂದ ಬೇಡ. ಮೊದಲು ಗಾಳಿ ಊದಿ ದೂಳು ಹಾರಿಸಿ, ಆಮೇಲೆ ಹತ್ತಿಕಡ್ಡಿ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಜಗತ್ತಿನ ಮುಂದಿಟ್ಟಾಗ ಮಲೇರಿಯ ಪತ್ತೆಯ ಮಾತೇ ಜೋರಾಗಿತ್ತು. 140 ಪಟ್ಟಿನ ಮಾದರಿ ಬಿಡಿಸಿ ತೋರಿಸುವುದು ಸುಮಾರು 2 ಮೈಕ್ರಾನ್‌ವರೆಗೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ರಕ್ತದ ಕೆಂಪುಕಣ ದುಂಡು ಚುಕ್ಕೆಯಾಗಿ ಕಂಡೀತು, ಅದರೊಳಗಿನ ಪರಾವಲಂಬಿಯನ್ನು ಗುರುತಿಸಲು ಇದನ್ನು ನಂಬುವಂತಿಲ್ಲ. ಮೊಸರಿನ ಬ್ಯಾಕ್ಟೀರಿಯಾ ನೋಡುವ ಆಸೆಯನ್ನೂ ಬಿಡಿ. ಕಾಲೇಜು ಲ್ಯಾಬಿನ ಮಾಮೂಲಿ ಮೈಕ್ರೋಸ್ಕೋಪಿನ 40 ಪಟ್ಟಿನ ಆಬ್ಜೆಕ್ಟಿವ್ (ವಸ್ತುವಿನ ಕಡೆಯ ಲೆನ್ಸ್; ಕಣ್ಣಿನ ಕಡೆಯ ಲೆನ್ಸ್ ಅದನ್ನು ಇನ್ನಷ್ಟು ಹಿಗ್ಗಿಸುತ್ತದೆ) ಅರ್ಧ ಮೈಕ್ರಾನ್‌ವರೆಗೂ ಬಿಡಿಸುತ್ತದೆ. ಅಂಥದ್ದು ಕೈಗೆಟುಕುವಂತಿದ್ದರೆ ಇದು ಕೆರೆ ದಂಡೆಗೆ, ತೋಟಕ್ಕೆ ಜೇಬಿನಲ್ಲಿ ಒಯ್ಯಲು ಮಾತ್ರ. ದಾಸವಾಳದ ಮುಳ್ಳುಮುಳ್ಳು ಪರಾಗ, ಸೊಳ್ಳೆ ರೆಕ್ಕೆಯ ಹುರುಪೆ, ಎಲೆಯ ತಳಮೈಗೆ ನೇಲ್ ಪಾಲಿಶ್ ಬಳಿದು ಒಣಗಿದ ಮೇಲೆ ಟೇಪಿನಲ್ಲಿ ಎತ್ತಿದ ಪತ್ರರಂಧ್ರಗಳ ಅಚ್ಚು, ಇಷ್ಟಕ್ಕೆ 140 ಪಟ್ಟು ಧಾರಾಳ.