ಕಂಪ್ರೆಸರ್ ಇಲ್ಲದ ಫ್ರಿಜ್ ಜೊತೆ ಮೂರೂವರೆ ವರ್ಷ

ಬೆಳಗಾವಿಯ ಉದ್ಯಮಬಾಗದಿಂದ ಬಂದ ಮೆಕ್ಯಾನಿಕ್ ಹಿಂಬದಿಯ ತಗಡು ಬಿಚ್ಚಿದರು, ಟಾರ್ಚ್ ಹಿಡಿದು ಒಳಗೆ ನೋಡಿದರು, ಆಮೇಲೆ ಮರುಕದಿಂದ ಹೇಳಿದರು: “ಸಾಹೇಬರೇ, ನಿಮಗೆ ಮೋಸವಾಗಿದೆ. ಇದರ ಕಂಪ್ರೆಸರನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ.”

ಬಿಚ್ಚಿಕೊಂಡು ಹೋಗುವುದಕ್ಕೆ ಅಲ್ಲಿ ಕಂಪ್ರೆಸರ್ ಇರಲೇ ಇಲ್ಲ. ಇದು ಅಬ್ಸಾರ್ಪ್ಷನ್ ಫ್ರಿಜ್, ಅಂದರೆ ಕಂಪ್ರೆಸರಿನ ಬದಲು ಶಾಖದಿಂದ ನಡೆಯುವ ಫ್ರಿಜ್. ನಮ್ಮ 1984ರ ಮ್ಯಾಟಡಾರ್‌ನೊಳಗೆ ಹಿಂದಿನ ಮಾಲೀಕರು ಹಾಸಿಗೆ, ಒಲೆ, ಸಿಂಕ್ ಕೂಡಿಸಿ ಮನೆ ಮಾಡಿದ್ದರು. ಗೋವಾದಲ್ಲಿ ಯಾವುದೋ ವಿದೇಶಿ ಕ್ಯಾಂಪರ್‌ನಿಂದ ಕಳಚಿದ 60 ಲೀಟರಿನ ಈ ಫ್ರಿಜ್ಜನ್ನೂ ತಂದಿಟ್ಟಿದ್ದರು. ಎಲ್‌ಪಿಜಿ, 230 ವೋಲ್ಟ್, 12 ವೋಲ್ಟ್ ಮೂರರಲ್ಲೂ ನಡೆಯುತ್ತದೆ ಎಂದು ಫಲಕದ ಮೇಲಿದೆ. ನನ್ನ ಕೈಗೆ ಬಂದಾಗ ಮೂರರಲ್ಲೂ ನಡೆಯುತ್ತಿರಲಿಲ್ಲ.

ಈ ಬಗೆಯ ಫ್ರಿಜ್ಜನ್ನು ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, 1922ರಲ್ಲಿ ರೂಪಿಸಿದರು. ಮುಚ್ಚಿದ ಕೊಳವೆಗಳಲ್ಲಿ ಅಮೋನಿಯಾ, ನೀರು, ಜಲಜನಕ ಇರುತ್ತವೆ. ಕೆಳಗೆ ಬಿಸಿ ಮಾಡಿದರೆ ಗುಳ್ಳೆಗಳೇ ದ್ರವವನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ದಬ್ಬುತ್ತವೆ. ಬೇರ್ಪಟ್ಟ ಅಮೋನಿಯಾ ಮೇಲೆ ತಣಿದು ದ್ರವವಾಗಿ, ಜಲಜನಕದ ನಡುವೆ ಆವಿಯಾಗುತ್ತ ಪೆಟ್ಟಿಗೆಯ ಶಾಖ ಹೀರಿಕೊಳ್ಳುತ್ತದೆ. ಮತ್ತೆ ನೀರಿನಲ್ಲಿ ಕರಗಿ, ಇಳಿಜಾರಿನಲ್ಲಿ ತಾನಾಗಿ ಕೆಳಗಿಳಿಯುತ್ತದೆ. ತಿರುಗುವ ಭಾಗ ಒಂದೂ ಇಲ್ಲ, ಆದ್ದರಿಂದ ಸದ್ದೂ ಇಲ್ಲ. ನಮ್ಮ ಕಡೆ ಯಾವ ಫ್ರಿಜ್ ಕೆಟ್ಟರೂ “ಗ್ಯಾಸ್ ತುಂಬಿಸಬೇಕು” ಎನ್ನುವ ಒಂದೇ ಮದ್ದು. ಇಲ್ಲಿ ಆ ಮದ್ದು ನಡೆಯುವುದಿಲ್ಲ.

ಮೊದಲು ಅದನ್ನು ಗಾಡಿಯಿಂದ ಇಳಿಸಿ, ಮನೆಯ ಪಡಸಾಲೆಯಲ್ಲಿ 230 ವೋಲ್ಟ್ ಕೊಟ್ಟೆ. ಅದಕ್ಕೂ ಮೊದಲು ಮಲ್ಟಿಮೀಟರ್ ಹಿಡಿದು ನೋಡಿದ್ದೆ: 125 ವ್ಯಾಟ್‌ನ ಹೀಟರ್ ಸುಮಾರು 420 ಓಮ್ ತೋರಿಸಬೇಕು, ತೋರಿಸಿತು. ನಾಲ್ಕು ಗಂಟೆಯ ಮೇಲೆ ಕೆಳಗಿನ ಬಾಯ್ಲರ್ ಮುಟ್ಟಲಾರದಷ್ಟು ಸುಡುತ್ತಿತ್ತು, ಶಾಖ ಹೊರಹಾಕಲು ಬಿಸಿಯಾಗಬೇಕಿದ್ದ ಮೇಲಿನ ತಗಡಿನ ರೆಕ್ಕೆಗಳು ಮಾತ್ರ ತಣ್ಣಗಿದ್ದವು. ಅಂದರೆ ಬಿಸಿ ಸರಿಯಿದೆ, ಒಳಗಿನ ಹರಿವು ನಿಂತಿದೆ. ಈ ಯಂತ್ರ ವರ್ಷಗಟ್ಟಲೆ ಗೋದಾಮಿನಲ್ಲಿ ಅಂಗಾತ ಬಿದ್ದಿತ್ತೆಂದು ಆಮೇಲೆ ತಿಳಿಯಿತು.

ಇದಕ್ಕೊಂದು ಹಳೆಯ ಉಪಾಯವಿದೆ. ಗ್ಯಾಸ್, ವಿದ್ಯುತ್ ಎರಡನ್ನೂ ಕಳಚಿ ಫ್ರಿಜ್ಜನ್ನು ತಲೆಕೆಳಗು ಮಾಡಿಡುವುದು. ನಾನೂ ತಮ್ಮನೂ ಹಳೆಯ ಗಾದಿಯ ಮೇಲೆ ಅದನ್ನು ಮಗುಚಿದಾಗ ಒಳಗಿನಿಂದ ಗುಳುಗುಳು ಸದ್ದು ಬಂತು. ಹೆಂಡತಿ ಅಡುಗೆಮನೆಯಿಂದಲೇ “ಶೀರ್ಷಾಸನ ಮುಗಿಯಿತೇ?” ಎಂದು ಕೇಳುತ್ತಿದ್ದಳು. ಒಂದು ರಾತ್ರಿ ತಲೆಕೆಳಗು, ಮರುದಿನವೆಲ್ಲ ನೆಟ್ಟಗೆ. ಇದನ್ನೇ ಎರಡು ಸಲ ಮಾಡಿದೆವು. ಎರಡನೆಯ ಸಲ ನೆಟ್ಟಗಿಟ್ಟ ಮೇಲೆ ಹೀಟರ್ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ಐದಕ್ಕೆ ಎದ್ದು ಕೈಯಿಟ್ಟರೆ ಐಸ್ ತಟ್ಟೆಯ ಮೇಲೆ ಬೆರಳು ಅಂಟಿಕೊಂಡಿತು.

ಹಳದಿ ಪುಡಿ ಅಥವಾ ಅಮೋನಿಯಾದ ಘಾಟು ಕಂಡುಬಂದರೆ ಈ ಯಾವ ಪ್ರಯತ್ನವೂ ಬೇಡ. ತುಕ್ಕು ತಡೆಯಲೆಂದು ಒಳಗೆ ಹಾಕಿದ ಸೋಡಿಯಂ ಕ್ರೋಮೇಟ್ ಆ ಹಳದಿ. ಅದು ಹೊರಗೆ ಬಂದಿದೆ ಎಂದರೆ ಕೊಳವೆ ಸೋರಿದೆ. ಅದು ವಿಷ, ಬರಿಗೈಯಲ್ಲಿ ಮುಟ್ಟಬಾರದು. ಒಳಗೆ ಒತ್ತಡದಲ್ಲಿ ಜಲಜನಕ ಇರುವುದರಿಂದ ಬೆಸುಗೆಯ ಮಾತೂ ಬೇಡ.

ಗ್ಯಾಸ್ ಕಡೆಯ ಕೆಲಸ ಹೆಚ್ಚು ಹಿಡಿಯಿತು. ಹೊಗೆ ಕೊಳವೆಯೊಳಗೆ ತಿರುಚಿದ ಸಣ್ಣ ತಗಡೊಂದು ತೂಗುತ್ತಿರುತ್ತದೆ. ಅದನ್ನು ಎಳೆದು ಹೊರತೆಗೆದಾಗ ಹಿಂದೆಯೇ ಒಂದು ಹಿಡಿ ಮಸಿ, ತುಕ್ಕು ಮತ್ತು ಕಣಜದ ಗೂಡಿನ ಮಣ್ಣು ಸುರಿಯಿತು. ಬರ್ನರಿಗೆ ಗ್ಯಾಸ್ ಬಿಡುವ ಜೆಟ್‌ನ ತೂತು ಕೂದಲೆಳೆಯಷ್ಟು; ಅದಕ್ಕೆ ಪಿನ್ನು ಹಾಕಿ ಅಗಲ ಮಾಡಿದರೆ ಕೆಟ್ಟಂತೆಯೇ, ಸ್ಪಿರಿಟ್‌ನಲ್ಲಿ ನೆನೆಸಿ ಊದಬೇಕು. ಫಲಕದಲ್ಲಿ 30 ಮಿಲಿಬಾರ್ ಎಂದಿದ್ದುದರಿಂದ ನಮ್ಮ ಮನೆಯ ಸಿಲಿಂಡರಿನ ರೆಗ್ಯುಲೇಟರೇ ಹೊಂದಿತು. ಜ್ವಾಲೆ ಆರಿದರೆ ಗ್ಯಾಸ್ ನಿಲ್ಲಿಸುವ ಥರ್ಮೋಕಪಲ್ ಸತ್ತಿತ್ತು. ಹೊಸದು ಬೇಕರಿ ಓವನ್ ಸಾಮಾನು ಮಾರುವಲ್ಲಿ ಸಿಕ್ಕಿತು. ಜೋಡಣೆಗಳಿಗೆಲ್ಲ ಸಾಬೂನು ನೊರೆ ಹಚ್ಚಿ ನೋಡಿದ ಮೇಲೆಯೇ ಕಡ್ಡಿ ಗೀರಿದೆ. ಈಗಲೂ ಸಣ್ಣ ಕನ್ನಡಿ ಹಿಡಿದು ಜ್ವಾಲೆ ನೋಡುತ್ತೇನೆ: ನೀಲಿಯಾಗಿದ್ದರೆ ಸರಿ, ತುದಿ ಹಳದಿಯಾದರೆ ಮತ್ತೆ ಮಸಿ ತೆಗೆಯುವ ಕಾಲ. ದಿನಕ್ಕೆ ಹೆಚ್ಚುಕಡಿಮೆ ಕಾಲು ಕಿಲೋ ಗ್ಯಾಸ್ ತಿನ್ನುತ್ತದೆ, 5 ಕಿಲೋದ ಸಿಲಿಂಡರ್ ಮೂರು ವಾರಕ್ಕೆ ಸ್ವಲ್ಪ ಮೊದಲು ಮುಗಿಯುತ್ತದೆ. ಗಾಡಿ ಓಡುವಾಗ, ಪೆಟ್ರೋಲ್ ಬಂಕ್ ಹತ್ತಿರ ಬಂದಾಗ ಸಿಲಿಂಡರ್ ಬಂದ್.

ಬಳಕೆಯಲ್ಲಿ ಕಲಿತದ್ದರಲ್ಲಿ ದೊಡ್ಡದು ನೆಲದ ವಿಷಯ. ಎರಡು-ಮೂರು ಡಿಗ್ರಿ ವಾಲಿದರೂ ದ್ರವ ಇಳಿಯಬೇಕಾದಲ್ಲಿ ಇಳಿಯದೆ ಬಾಯ್ಲರ್ ಒಣಗಿ ಕಾಯುತ್ತದೆ, ಮುಂದೆ ಕೊಳವೆ ಕಟ್ಟಿಕೊಳ್ಳುತ್ತದೆ. ಓಡುವಾಗ ಕುಲುಕುವುದರಿಂದ ತೊಂದರೆಯಿಲ್ಲ, ನಿಂತಾಗಲೇ ತೊಂದರೆ. ಬಾದಾಮಿಯಲ್ಲಿ ಒಂದು ರಾತ್ರಿ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಮಲಗಿದೆವು. ಬೆಳಿಗ್ಗೆ ಗಡಿಗೆ ಮೊಸರು ಹುಳಿ ಬಂದು ಬಾಯಿಗಿಡಲಾಗಲಿಲ್ಲ, ರೊಟ್ಟಿ ಶೇಂಗಾ ಚಟ್ನಿಯೇ ಗತಿಯಾಯಿತು. ಅಂದಿನಿಂದ ಗೌಂಡಿಗಳ ರಸಮಟ್ಟವೊಂದು ಐಸ್ ತಟ್ಟೆಯ ಪಕ್ಕದಲ್ಲೇ ಇದೆ, ಚಕ್ರದ ಕೆಳಗಿಡಲು ಹಲಗೆಗಳೂ ಇವೆ. ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ ಬೇರೆ ಕಥೆ: ಗಾಳಿಗೆ ಜ್ವಾಲೆ ಆರಿತು. ಥರ್ಮೋಕಪಲ್ ಗ್ಯಾಸ್ ನಿಲ್ಲಿಸಿತು, ಅದಕ್ಕೆ ಕೊಟ್ಟ ಹಣ ಆ ರಾತ್ರಿಯೇ ಸಾರ್ಥಕವಾಯಿತು.

ಇನ್ನು ಬಿಸಿಲು. ಈ ಫ್ರಿಜ್ ಹೊರಗಿನ ಶಾಖಕ್ಕಿಂತ ಸಾಮಾನ್ಯವಾಗಿ ಇಪ್ಪತ್ತು-ಇಪ್ಪತ್ತೈದು ಡಿಗ್ರಿ ಇಳಿಸಬಲ್ಲದು. ಬೆಳಗಾವಿಯ ಡಿಸೆಂಬರಿನಲ್ಲಿ ಒಳಗೆ 3 ಡಿಗ್ರಿ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ 41 ಇದ್ದಾಗ ಒಳಗೆ 19 ಇತ್ತು, ನೀರಿನ ಗಡಿಗೆಗಿಂತ ಸ್ವಲ್ಪ ವಾಸಿ ಅಷ್ಟೇ. ಹಿಂಬದಿಯಲ್ಲಿ ಕೆಳಗೊಂದು, ಮೇಲೊಂದು ಜಾಲರಿ ಇದ್ದರೂ ಬಿಸಿಗಾಳಿ ಸಂದಿಯಲ್ಲಿ ಸುತ್ತುತ್ತಿತ್ತು. ಎರಡೂ ಪಕ್ಕದ ಸಂದಿಗೆ ಥರ್ಮಕೋಲ್ ತುರುಕಿ, ಗಾಳಿ ರೆಕ್ಕೆಗಳಿಗೇ ತಾಗುವಂತೆ ತಗಡು ಬಗ್ಗಿಸಿ, ಹಳೆಯ ಕಂಪ್ಯೂಟರಿನ ಎರಡು ಫ್ಯಾನ್ ಮೇಲೆ ಕೂರಿಸಿದ ಮೇಲೆ 14ಕ್ಕೆ ಇಳಿಯಿತು. ಆ ಶಾಖದಲ್ಲೂ ಹಾಲು ನಿಲ್ಲುವುದಿಲ್ಲ. ಹಾಗಾಗಿ ಬೆಳಗಾವಿಗೆ ನಾಲ್ಕು ನಕ್ಷತ್ರ, ವಿಜಯಪುರದ ಬೇಸಿಗೆಗೆ ಒಂದೂವರೆ.

12 ವೋಲ್ಟ್ ನಂಬಬೇಡಿ. 10 ಆಂಪಿಯರ್ ಎಳೆಯುತ್ತದೆ. ಗಾಡಿ ನಿಲ್ಲಿಸಿ ಊಟ ಮುಗಿಸುವುದರೊಳಗೆ ಬ್ಯಾಟರಿಯ ಮುಖ ಬಾಡಿರುತ್ತದೆ. ಹೊರಡುವ ಹಿಂದಿನ ದಿನವೇ ಮನೆಯ ಕರೆಂಟಿನಲ್ಲಿ ತಣ್ಣಗೆ ಮಾಡಿ, ತಣ್ಣಗಿನ ಸಾಮಾನನ್ನೇ ತುಂಬಿ, ದಾರಿಯಲ್ಲಿ ಮಾತ್ರ 12 ವೋಲ್ಟ್ ಬಳಸುತ್ತೇನೆ.

ರಿಪೇರಿಗೆ ಎಲ್ಲ ಸೇರಿ ಒಂಬತ್ತು ಸಾವಿರ ರೂಪಾಯಿ ಮುಟ್ಟಿತು. ಹೊಸದಾಗಿ ಗಾಡಿ ಕಟ್ಟುವವರು 12 ವೋಲ್ಟ್‌ನ ಕಂಪ್ರೆಸರ್ ಫ್ರಿಜ್ಜನ್ನೇ ಕೊಳ್ಳಲಿ, ಸೋಲಾರ್ ಹಲಗೆಯಲ್ಲಿ ನಡೆಯುತ್ತದೆ. ನನ್ನದನ್ನು ಮಾತ್ರ ಬದಲಿಸುವ ಮನಸ್ಸಿಲ್ಲ. ಕೂಡಲಸಂಗಮದ ಬಳಿ ಮಲಗಿದ್ದಾಗ ತಲೆಯಿಂದ ಎರಡಡಿ ದೂರದಲ್ಲಿ ಅದು ರಾತ್ರಿಯಿಡೀ ಕೆಲಸ ಮಾಡುತ್ತಿತ್ತು, ಒಮ್ಮೆಯೂ ಗುರ್ ಎನ್ನಲಿಲ್ಲ.

ಸದ್ಯ ಬರ್ನರ್ ಮಸಿ ತೆಗೆಸಿಕೊಂಡು ಪೇಪರಿನ ಮೇಲೆ ಒಣಗುತ್ತಿದೆ. ಎಳ್ಳಮಾವಾಸ್ಯೆಗೆ ವಿಜಯಪುರದ ಕಡೆ ಅಕ್ಕನ ಹೊಲಕ್ಕೆ ಹೋಗುವುದಿದೆ, ಮೊಸರು ಬೆಣ್ಣೆ ಒಯ್ಯುವ ಪಾಳಿ ನಮ್ಮದು. ಬನ್ನಿಗಿಡದ ಕೆಳಗೆ ಒಂದಿಷ್ಟು ಸಮತಟ್ಟು ಜಾಗ ಹಿಡಿದಿಡಿ ಎಂದು ಭಾವನವರಿಗೆ ಈಗಲೇ ಹೇಳಿಟ್ಟಿದ್ದೇನೆ.