ತೋಡೂರು ಕಡೆಯ ಹೊಲಿಗೆ ಅಂಗಡಿ: ಅಂದಿನ ಕೂಲಿ ಅಂದೇ

ಕಾರವಾರ ತಾಲೂಕಿನ ತೋಡೂರು ಕಡೆಯಲ್ಲಿ, ನಿರಾಶ್ರಿತರ ಕಾಲೊನಿಗೆ ಹತ್ತಿರವಿರುವ ಈ ಚಿಕ್ಕ ಹೊಲಿಗೆ ಅಂಗಡಿಗೆ ಎರಡು ವರ್ಷಗಳಿಂದ ಬಟ್ಟೆ ಕೊಡುತ್ತಿದ್ದೇನೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಲೈನಿಂಗ್ ರವಿಕೆಗೆ 350 ರೂಪಾಯಿ. ಕಂಕುಳಲ್ಲಿ ಜೋಡಿ ಹೊಲಿಗೆ ಹಾಕಿ, ಮುಂದೆ ಬಿಚ್ಚಿ ಸಡಿಲ ಮಾಡಿಕೊಳ್ಳುವಷ್ಟು ಬಟ್ಟೆಯನ್ನು ಒಳಗೆ ಬಿಟ್ಟಿರುತ್ತಾರೆ. ಮದುವೆಯ ದಿನಗಳಲ್ಲಿ ಮಾತ್ರ ಹೇಳಿದ ಹೊತ್ತಿಗೆ ಸಿಗುವುದಿಲ್ಲ. ಕಳೆದ ಏಪ್ರಿಲ್‌ನಲ್ಲಿ ಒಂಬತ್ತು ದಿನ ತಡವಾಯಿತು.

ಆದರೂ ಅಲ್ಲಿಗೇ ಹೋಗುವುದಕ್ಕೆ ಕಾರಣ, ಮೆಷಿನ್ನಿನ ಪಕ್ಕದಲ್ಲಿ ದಾರಕ್ಕೆ ಕಟ್ಟಿ ತೂಗುಹಾಕಿರುವ ಒಂದು ನೋಟ್‌ಬುಕ್ಕು. ದಿನವೂ ಸಂಜೆ ಆರಕ್ಕೆ ಒಡತಿ ಅಲ್ಲಿ ಹೊಲಿಯುವ ನಾಲ್ವರು ಹೆಂಗಸರಿಗೂ ಅಂದಿನ ಕೂಲಿಯನ್ನು ಎಣಿಸಿಕೊಟ್ಟು ಅದರಲ್ಲಿ ಸಹಿ ಹಾಕಿಸುತ್ತಾರೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ ಮತ್ತು ಅಂಕೋಲಾ ತಾಲೂಕುಗಳ 13 ಹಳ್ಳಿಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಎದ್ದುಬಂದವಲ್ಲ, ಇವರೆಲ್ಲ ಆ ಮನೆಗಳ ಹೆಣ್ಣುಮಕ್ಕಳು. ಒಬ್ಬಾಕೆಯ ತಾಯಿ ಅರ್ಗಾದ ದಂಡೆಯಲ್ಲಿ ಮೀನು ಕೊಂಡು ಬುಟ್ಟಿ ಹೊತ್ತು ಮಾರಿದವರು. ಜಮೀನಿನ ಪರಿಹಾರವು ಭೂದಾಖಲೆಯಲ್ಲಿ ಖಾತೆ ಇದ್ದವರ ಹೆಸರಿಗೆ ಬಂದಿತೇ ಹೊರತು, ಆ ಬುಟ್ಟಿಯ ವ್ಯಾಪಾರಕ್ಕೆ ಯಾವ ಖಾತೆಯೂ ಇರಲಿಲ್ಲ.

ಮಗಳು ಮೊದಲು ದುಡಿದದ್ದು ಸಿಗಡಿ ಸುಲಿಯುವ ಒಂದು ಶೆಡ್ಡಿನಲ್ಲಿ. ಅಲ್ಲಿ ತಿಂಗಳುಗಟ್ಟಲೆ ಕೂಲಿ ಹಿಡಿದಿಟ್ಟುಕೊಳ್ಳುತ್ತಿದ್ದ ಮೇಸ್ತ್ರಿ, ಕೇಳಿದವರಿಗೆ "ಕತ್ತಲಾದ ಮೇಲೆ ಒಬ್ಬಳೇ ಬಾ, ಲೆಕ್ಕ ನೋಡುವ" ಎನ್ನುತ್ತಿದ್ದನಂತೆ. "ನಮ್ಮ ದುಡ್ಡು ಅವನ ಕೈಲಿದ್ದರೆ ನಮ್ಮ ದನಿ ಏಳೂದಿಲ್ಲ ಅಕ್ಕಾ" ಎಂದು ಆಕೆ ಕಾಜಾ ಹೊಲಿಯುತ್ತ, ತಲೆಯೆತ್ತದೆ ಹೇಳಿದಳು. ಇಂಥದ್ದನ್ನು ಹೆಂಗಸಿನ ನಡತೆಯ ಮಾತಾಗಿಸುವ ನಮ್ಮ ಊರುಗಳ ಅಭ್ಯಾಸ ನನಗೆ ಅಸಹ್ಯ ಹುಟ್ಟಿಸುತ್ತದೆ; ಅದು ಬಾಕಿ ಕೂಲಿಯನ್ನು ಹಿಡಿದು ನಡೆಸುವ ಬಲಾತ್ಕಾರ.

ಅಂಗಡಿಯ ಗೋಡೆಗೆ ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಕರೆಯ 112ರ ಚೀಟಿ ಅಂಟಿಸಿದ್ದಾರೆ. ಹತ್ತಕ್ಕಿಂತ ಕಡಿಮೆ ಜನರಿರುವ ಕೆಲಸದ ಜಾಗದವರೂ, ಮನೆಗೆಲಸದವರೂ ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯಂತೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಮೂರು ತಿಂಗಳೊಳಗೆ ದೂರು ಕೊಡಬಹುದೆಂಬುದನ್ನು ಒಡತಿ ಹೊಸಬರಿಗೆ ಮೊದಲ ದಿನವೇ ತಿಳಿಸುತ್ತಾರೆ. ಅಳತೆಯನ್ನು ಪರದೆಯ ಹಿಂದೆ ಹೆಂಗಸರೇ ತೆಗೆಯುತ್ತಾರೆ. ಕತ್ತಲಾದರೆ ಬಸ್ ನಿಲ್ದಾಣದವರೆಗೆ ಎಲ್ಲರೂ ಕೂಡಿಯೇ ನಡೆಯುತ್ತಾರೆ.

ಬಟ್ಟೆ ಕೊಡುವವರು ಹದಿನೈದು ದಿನ ಮುಂಚೆ ಕೊಡಿ, ಮುಂಗಡವಾಗಿ ಅರ್ಧ ಹಣವನ್ನೂ ಕೊಡಿ. ಸಂಜೆ ಆರಕ್ಕೆ ಎಣಿಸಬೇಕಾದ ಕೂಲಿ ಹೊರಡುವುದು ಆ ಹಣದಿಂದಲೇ.