ಕ್ಯಾಂಪಿನ ಕ್ವಾಯರ್ ನೋಟೇಶನ್ ತರಗತಿ: ಕ್ಲೆಫ್ ಪಾಠ ಗಟ್ಟಿ, ಟೆನರ್ ಹಾಳೆ ಸಡಿಲ

ಬೆಳಗಾವಿಯ ಕ್ಯಾಂಪ್ ಭಾಗದಲ್ಲಿ ರವಿವಾರ ಸಂಜೆ ನಡೆಯುವ ಈ ಕ್ವಾಯರ್ (ಸಮೂಹ ಗಾಯನ) ತರಗತಿಗೆ ಬರುವವರಲ್ಲಿ ಹೆಚ್ಚಿನವರಿಗೆ ಹಾರ್ಮೋನಿಯಂ ಗೊತ್ತು, ಸ್ಟಾಫ್ (ಐದು ಗೆರೆಗಳ ಸಾಲು) ಮೇಲೆ ಸ್ವರ ಬರೆಯುವ ನೋಟೇಶನ್ ಹೊಸದು. ಅದಕ್ಕೇ ಪಾಠ ಹಾರ್ಮೋನಿಯಂನ ಬಿಳಿ ಒಂದರಿಂದ, ಅಂದರೆ ಸಿ ಸ್ವರದ ಬಿಳಿ ಮನೆಯಿಂದ, ಶುರುವಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕ್ಲೆಫ್ ಎಂದರೆ ಯಾವ ಗೆರೆ ಯಾವ ಸ್ವರ ಎಂದು ಹೇಳುವ, ಸಾಲಿನ ಮೊದಲಿನ ಗುರುತು. ಎತ್ತರದ ಸ್ವರಗಳ ಟ್ರೆಬಲ್ ಕ್ಲೆಫ್‌ನ ಸುರುಳಿ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತುತ್ತದೆ. ಆ ಗೆರೆ ಮಧ್ಯ ಸಪ್ತಕದ ಬಿಳಿ ಐದು, ಅಂದರೆ ಜಿ. ತಗ್ಗು ಸ್ವರಗಳ ಬೇಸ್ ಕ್ಲೆಫ್‌ನ ಎರಡು ಚುಕ್ಕೆಗಳ ನಡುವೆ ಹಾಯುವ ನಾಲ್ಕನೇ ಗೆರೆ ಮಂದ್ರದ ಬಿಳಿ ನಾಲ್ಕು, ಎಫ್. ಟ್ರೆಬಲ್‌ನ ಕೆಳಗೊಂದು, ಬೇಸ್‌ನ ಮೇಲೊಂದು ಚಿಕ್ಕ ಗೆರೆ ಎಳೆದರೆ ಎರಡರಲ್ಲೂ ಸಿಗುವುದು ಅದೇ ಮಧ್ಯ ಸಪ್ತಕದ ಬಿಳಿ ಒಂದು.

ಸಾ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಗೆರೆಯ ಸ್ವರ ಮಾತ್ರ ಕ್ಲೆಫ್ ಹೇಳಿದ್ದೇ ಎಂದು ಮೊದಲ ದಿನವೇ ತಿಳಿಸುತ್ತಾರೆ. ಕರಿ ಒಂದರ (ಸಿ ಶಾರ್ಪ್) ಸಾ ಹಿಡಿದು ಹಾಡಿ ರೂಢಿಯಾದವರಿಗೆ ಈ ಮಾತು ಬೇಕೇ ಬೇಕು. ಇಷ್ಟಾದರೂ ಬೇಸ್ ಹಾಳೆ ಕೈಗೆ ಬಂದಾಗ ಎಡವುತ್ತಾರೆ: ಅಲ್ಲಿ ಕೆಳಗಿನ ಗೆರೆ ಬಿಳಿ ಐದು, ಟ್ರೆಬಲ್ ಅಭ್ಯಾಸದಲ್ಲಿ ಬಿಳಿ ಮೂರು ಎಂದು ಓದಿಬಿಡುತ್ತಾರೆ.

ಸಿ ಕ್ಲೆಫ್‌ಗೆ ಹತ್ತೇ ನಿಮಿಷ. ಅದರ ನಡು ಯಾವ ಗೆರೆಯ ಮೇಲಿದೆಯೋ ಅದೇ ಬಿಳಿ ಒಂದು. ಕೆಳಗಿನಿಂದ ಮೊದಲ ಗೆರೆಯ ಮೇಲಿದ್ದರೆ ಅದರ ಹೆಸರು ಸೊಪ್ರಾನೊ, ಮೂರಕ್ಕೆ ಆಲ್ಟೊ, ನಾಲ್ಕಕ್ಕೆ ಟೆನರ್. ಜರ್ಮನ್ ಸಂಗೀತ ರಚನಕಾರ ಬಾಖ್ ಕಾಲದ (1685–1750) ಗಾಯನ ಪ್ರತಿ ಓದುವವರಿಗೆ ಇದು ಸಾಲದು, ಇಂದಿನ ಕ್ವಾಯರ್‌ಗೆ ಸಾಕು.

ದೊಡ್ಡ ಕೊರತೆ ಟೆನರ್ (ಗಂಡಸರ ಎತ್ತರದ ದನಿ) ಹಾಳೆಯದು. ನಾಲ್ಕು ದನಿಗೆ ನಾಲ್ಕು ಸ್ಟಾಫ್ ಇದ್ದರೆ ಟೆನರ್‌ಗೆ ಟ್ರೆಬಲ್ ಕ್ಲೆಫ್, ಅದರ ಬುಡದಲ್ಲಿ ಪುಟ್ಟ 8: ಬರೆದದ್ದಕ್ಕಿಂತ ಒಂದು ಸಪ್ತಕ ಕೆಳಗೆ ಹಾಡಬೇಕು. ಚಿಕ್ಕದು ಮಾಡಿ ತೆಗೆದ ಝೆರಾಕ್ಸ್‌ನಲ್ಲಿ ಆ 8 ಮಸಿಯ ಚುಕ್ಕೆಯಾಗಿದೆ. ಓದುವವರು ಗೆರೆಗಳ ನಡುವಿನ ಮೂರನೇ ಸಂದಿನ ಸ್ವರವನ್ನು ತಾರ ಸಪ್ತಕದ ಬಿಳಿ ಒಂದು ಎಂದುಕೊಂಡು ಗಂಟಲು ಬಿಗಿಯುತ್ತಾರೆ, ಅಲ್ಲಿರುವುದು ಮಧ್ಯದ್ದು. ಅದೇ ವಾರ ಕೊಡುವ ಎರಡು ಸ್ಟಾಫ್ ಹಾಳೆಯಲ್ಲಿ ಟೆನರ್ ಬೇಸ್ ಕ್ಲೆಫ್‌ನಲ್ಲಿ, ಸ್ವರಚಿಹ್ನೆಯ ಕಡ್ಡಿ ಮೇಲ್ಮುಖವಾಗಿ, ಇದ್ದ ಸಪ್ತಕದಲ್ಲೇ ಇರುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಐದು ನಿಮಿಷದ ಕೆಲಸ, ಅದನ್ನು ಮಾಡುವುದಿಲ್ಲ.

ಹಾರ್ಮೋನಿಯಂನಲ್ಲಿ ಸರಿ ನೋಡುವಾಗ ಖರಜದ (ಕೆಳ ಸಪ್ತಕದ ರೀಡುಗಳ) ಸ್ಟಾಪ್ ಗುಂಡಿ ಮುಚ್ಚಿ. ತೆರೆದಿದ್ದರೆ ಕೆಳಗಿನ ಸಪ್ತಕವೂ ಕೂಡಿ ನುಡಿದು ಕಿವಿ ತಪ್ಪುತ್ತದೆ. ಸೇರುವವರು ಪೆನ್ಸಿಲ್ ಒಯ್ಯಿರಿ, ಟೆನರ್ ಹಾಳೆ ಸಿಕ್ಕ ಕೂಡಲೇ ಪ್ರತಿ ಸಾಲಿನ ಕ್ಲೆಫ್ ಕೆಳಗೆ 8 ಬರೆದುಕೊಳ್ಳಿರಿ.